ಬೆನ್ನುಚೀಲದ ಬಟ್ಟೆ ಗಟ್ಟಿ, ಬಣ್ಣದ್ದೇ ತಕರಾರು

ಸಣ್ಣ ತಯಾರಕರೊಬ್ಬರಿಂದ ಕೊಂಡ ಈ ಮರೂನ್ ಬೆನ್ನುಚೀಲದ ಬಟ್ಟೆ 1000 ಡೆನಿಯರ್‌ನ ಕಾರ್ಡುರಾ ನೈಲಾನ್. ಅಂದರೆ ಅದರ 9000 ಮೀಟರ್ ನೂಲು 1000 ಗ್ರಾಂ ತೂಗುತ್ತದೆ. ಅಂಗಡಿಯವರು ಈ ಸಂಖ್ಯೆಯನ್ನೇ ಗಟ್ಟಿತನದ ಪ್ರಮಾಣಪತ್ರವೆಂಬಂತೆ ತೋರಿಸುತ್ತಾರಾದರೂ ಅದು ನೂಲು ಎಷ್ಟು ದಪ್ಪವೆಂಬುದನ್ನಷ್ಟೇ ಹೇಳುತ್ತದೆ. ಬಾಳಿಕೆಯನ್ನು ಅಳೆಯಲು ತಯಾರಕರು ಮಾರ್ಟಿಂಡೇಲ್ ಯಂತ್ರದಲ್ಲಿ ಬಟ್ಟೆಯ ದುಂಡನೆಯ ತುಂಡನ್ನು ಭಾರದಡಿ ಉಣ್ಣೆಯ ಬಟ್ಟೆಗೆ ಸಾವಿರಾರು ಸಲ ಉಜ್ಜಿ, ಎಳೆ ಯಾವಾಗ ಕಡಿಯುತ್ತದೆಂದು ನೋಡುತ್ತಾರೆ. ಬಸ್ಸಿನ ನೆಲಕ್ಕೆ ತಾಗುತ್ತಲೇ ಇರುವ ಈ ಚೀಲದ ತಳದ ಮೂಲೆಗಳಲ್ಲಿ ನವಿರಾದ ನಾರು ಎದ್ದಿದೆಯೇ ಹೊರತು ತೂತು ಬಿದ್ದಿಲ್ಲ. ಆದರೆ ಅದೇ ಒರಟುತನ ಹತ್ತಿಯ ಅಂಗಿಯ ಬೆನ್ನನ್ನೂ ಸವೆಸುವುದರಿಂದ, ದಿನನಿತ್ಯದ ಕಚೇರಿ ಓಡಾಟಕ್ಕೆ 500 ಡೆನಿಯರ್ ಧಾರಾಳವಾಗಿ ಸಾಕಿತ್ತು.

ಬಣ್ಣದ ವಿಷಯದಲ್ಲಿ ಇಷ್ಟು ಮೆಚ್ಚುಗೆ ಸಲ್ಲದು. ಬಿಳಿ ಹತ್ತಿಬಟ್ಟೆಯಿಂದ ಒಣಗಿದ್ದಾಗಲೂ ಒದ್ದೆಯಾಗಿದ್ದಾಗಲೂ ಉಜ್ಜಿ, ಅಂಟಿದ ಬಣ್ಣಕ್ಕೆ 1ರಿಂದ 5ರವರೆಗೆ ಅಂಕ ಕೊಡುವ ಪರೀಕ್ಷೆಯೊಂದಿದೆ. 5 ಎಂದರೆ ಕಲೆಯೇ ಇಲ್ಲ. ಗಾಢ ಬಣ್ಣಗಳು ಸಾಮಾನ್ಯವಾಗಿ ಎಡವುವುದು ಒದ್ದೆಯ ಸುತ್ತಿನಲ್ಲಿ, ಮತ್ತು ಮಳೆಯಲ್ಲಿ ನೆನೆದ ಈ ಚೀಲದ ಪಟ್ಟಿ ನನ್ನ ಬಿಳಿ ಅಂಗಿಯ ಹೆಗಲಿಗೆ ಗುಲಾಬಿ ಗೆರೆ ಎಳೆಯಿತು. ಜಿಪ್ಪಿನ ಪಾಲಿಯೆಸ್ಟರ್ ಪಟ್ಟಿ ಟ್ಯೂಬ್‌ಲೈಟಿನಡಿ ಬಟ್ಟೆಗೆ ಸರಿಹೊಂದಿದರೂ ಬಿಸಿಲಿನಲ್ಲಿ ಕಂದಾಗಿ ಕಾಣುತ್ತದೆ. ಎರಡು ಬಗೆಯ ನಾರಿಗೆ ಬೇರೆ ಬೇರೆ ಬಣ್ಣದ್ರವ್ಯ ಬೇಕಾಗುವುದರಿಂದ, ಮಾದರಿಯನ್ನು ಹಗಲ ಬೆಳಕಿನಲ್ಲೂ ಹೋಲಿಸಬೇಕಿತ್ತು. ಹೊಲಿಗೆಗೆ ಪೂರ್ಣ ಅಂಕ; ಕೊಳ್ಳುವವರು ಬೂದುಬಣ್ಣದ್ದನ್ನೇ ಕೇಳುವುದು ಒಳಿತು.