ತಲೆಕೆಳಗಾದ ತೋಟ: ಅತಿವಾಸ್ತವ ಚಿತ್ರಕ್ಕೆ ನಾಲ್ಕು ದಾರಿಗಳು

ಚಿತ್ರದ ಕಲ್ಪನೆ ಸರಳವಾದದ್ದು. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಜಗಲಿಯಲ್ಲಿ ಅಜ್ಜಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಿದ್ದಾರೆ. ಅಂಗಳದ ಆಚೆ ಇರಬೇಕಾದ ತೋಟ ಆಕಾಶದಲ್ಲಿದೆ, ಮರಗಳ ಬೇರು ಮೋಡದೊಳಗೆ, ತಲೆ ಕೆಳಗೆ. ಮಳೆ ಅಂಗಳದಿಂದ ಮೇಲಕ್ಕೆ ಸುರಿಯುತ್ತಿದೆ. ಅಜ್ಜಿ ಮಾತ್ರ ತಲೆಯೆತ್ತಿ ನೋಡಿಲ್ಲ. ಈ ಒಂದೇ ಚಿತ್ರವನ್ನು ಒಂದು ವರ್ಷದ ಅವಧಿಯಲ್ಲಿ ನಾಲ್ಕು ಬಗೆಯಲ್ಲಿ ಮಾಡಿ ನೋಡಿದೆ: ನಾನೇ ತೆಗೆದ ಫೋಟೋಗಳನ್ನು ಗಿಂಪ್‌ನಲ್ಲಿ ಜೋಡಿಸಿ, ಕ್ರಿಟಾದಲ್ಲಿ ಕೈಯಾರೆ ಬರೆದು, ಬ್ಲೆಂಡರ್‌ನಲ್ಲಿ ಮೂರು ಆಯಾಮದಲ್ಲಿ ಕಟ್ಟಿ, ಕೊನೆಗೆ ಪದಗಳಿಂದ ಚಿತ್ರ ಮಾಡುವ ಎಐ ಆದ ಸ್ಟೇಬಲ್ ಡಿಫ್ಯೂಷನ್‌ಗೆ ಮಾತಿನಲ್ಲಿ ವಿವರಿಸಿ. ನಾಲ್ಕೂ ದುಡ್ಡು ಕೊಡದೆ ಸಿಗುವಂಥವು. ಖರ್ಚಾದದ್ದು ಸಮಯ ಮತ್ತು ಕರೆಂಟು. ನಮ್ಮ ಕಡೆಯ ಮಳೆಗಾಲದಲ್ಲಿ ಎರಡನೆಯದೇ ಹೆಚ್ಚು ದುರ್ಲಭ.

ಯಾವುದು ಮೇಲು ಎಂದು ಹೇಳುವ ಮೊದಲು ಯಾವ ಅಳತೆಯಲ್ಲಿ ನೋಡಿದೆ ಎಂಬುದನ್ನು ಹೇಳಬೇಕು. ಫ್ರಾನ್ಸಿನ ಕವಿ ಆಂದ್ರೆ ಬ್ರೆಟನ್ 1924ರಲ್ಲಿ ಪ್ಯಾರಿಸ್ಸಿನಲ್ಲಿ ಅತಿವಾಸ್ತವವಾದದ ಮೊದಲ ಪ್ರಣಾಳಿಕೆ ಪ್ರಕಟಿಸಿದಾಗ ಮಾತು ಕನಸು ಮತ್ತು ಸುಪ್ತಮನಸ್ಸಿನದ್ದಾಗಿತ್ತು. ಆದರೆ ಆ ಪಂಥದ ಚಿತ್ರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವು ಬೆಲ್ಜಿಯಂನ ರೆನೆ ಮಾಗ್ರಿಟ್‌ನವು. 1959ರಲ್ಲಿ ಅವನು ಬರೆದ ಚಿತ್ರವೊಂದರಲ್ಲಿ ಕೋಟೆ ಹೊತ್ತ ದೈತ್ಯ ಬಂಡೆಯೊಂದು ಸಮುದ್ರದ ಮೇಲೆ ತೇಲುತ್ತದೆ. ಅದರಲ್ಲಿ ಬಂಡೆ ಬಂಡೆಯ ಹಾಗೆಯೇ ಇದೆ, ಅಲೆ ಅಲೆಯ ಹಾಗೆಯೇ ಇದೆ, ಮುರಿದದ್ದು ಒಂದೇ ನಿಯಮ. ಹಗಲಿನ ಆಕಾಶದ ಕೆಳಗೆ ರಾತ್ರಿಯ ಬೀದಿಯನ್ನು ಇಟ್ಟ ಅವನ ಸರಣಿಯಲ್ಲೂ ಲೆಕ್ಕ ಅದೇ. ಹೀಗಾಗಿ ನಾನು ನಾಲ್ಕು ದಾರಿಗಳಿಗೂ ಕೇಳಿದ ಪ್ರಶ್ನೆ, ಒಂದು ನಿಯಮವನ್ನು ಮುರಿಯುವಾಗ ಉಳಿದ ಮಾಮೂಲಿ ಸಂಗತಿಗಳನ್ನು ನೀನು ಎಷ್ಟು ಕಾಪಾಡುತ್ತೀಯೆ ಎಂಬುದಾಗಿತ್ತು. ಮರ ತಲೆಕೆಳಗಾಗಲಿ, ಆದರೆ ಅದು ಅಡಿಕೆ ಮರವೇ ಆಗಿರಬೇಕು.

ಫೋಟೋ ಜೋಡಣೆಯಿಂದ ಆರಂಭಿಸಿದೆ. ತೋಟವನ್ನು ಆಷಾಢದಲ್ಲಿ ತೆಗೆದೆ. ಅಜ್ಜಿಯ ಫೋಟೋಗಳು ಹಿಂದಿನ ಕೊಯ್ಲಿನ ಕಾಲದಲ್ಲಿ ಜಗಲಿಯ ನೆರಳಿನಲ್ಲಿ ತೆಗೆದವು ಮೊದಲೇ ಇದ್ದವು. ಜೋಡಣೆಯಲ್ಲಿ ಎಲ್ಲರೂ ಸೋಲುವುದು ಬೆಳಕಿನಲ್ಲಿ. ಬೆಳಕು ಮೇಲಿನಿಂದ ಬೀಳುತ್ತದೆ ಎಂದು ನಮ್ಮ ಕಣ್ಣು ಮೊದಲೇ ನಂಬಿಕೊಂಡಿರುವುದರಿಂದ, ಬಿಸಿಲಿನಲ್ಲಿ ತೆಗೆದ ವಸ್ತುವಿನ ಫೋಟೋವನ್ನು ಬುಡಮೇಲು ಮಾಡಿದರೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಾಣತೊಡಗುತ್ತದೆ. ಮೋಡ ಮುಚ್ಚಿದ ದಿನ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಬೆಳಕು ಎಲ್ಲ ಕಡೆಯಿಂದಲೂ ಮೆತ್ತಗೆ ಬರುವುದರಿಂದ ಎದ್ದುಕಾಣುವ ನೆರಳು ಬೀಳುವುದಿಲ್ಲ, ಯಾವ ಫೋಟೋವನ್ನು ಯಾವುದರ ಪಕ್ಕ ಇಟ್ಟರೂ ಜಗಳವಾಡುವುದಿಲ್ಲ. ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿಸಿಲಿಲ್ಲವೆಂದು ಗೊಣಗುತ್ತಿದ್ದ ನನಗೆ ಅದು ಬಾಡಿಗೆಯಿಲ್ಲದ ಸ್ಟುಡಿಯೋ ಎಂದು ತಿಳಿದದ್ದು ಆಗಲೇ.

ಕಷ್ಟವಾದದ್ದು ಸೋಗೆಯ ಅಂಚು. ಗರಿಗರಿಯಾಗಿ ಸೀಳಿದ ಸೋಗೆಯನ್ನು ಒಂದೊಂದೇ ಎಳೆ ಹಿಡಿದು ಕತ್ತರಿಸಲು ಹೋಗಿ ಎರಡು ಸಂಜೆ ಹಾಳು ಮಾಡಿಕೊಂಡೆ. ಆಮೇಲೆ ಹೊಳೆದದ್ದು, ಹಿನ್ನೆಲೆಯ ಆಕಾಶ ಹೇಗೂ ಬೆಳ್ಳಗಿದೆ ಎಂಬುದು. ಚಿತ್ರದ ನೀಲಿ ಚಾನೆಲ್ಲನ್ನು (ಬಣ್ಣದಲ್ಲಿರುವ ನೀಲಿಯ ಪಾಲನ್ನು) ಮಾತ್ರ ನಕಲು ಮಾಡಿ, ಲೆವೆಲ್ಸ್‌ನಲ್ಲಿ ಬಿಳಿಯನ್ನು ಪೂರ್ಣ ಬಿಳಿಗೂ ಎಲೆಯನ್ನು ಪೂರ್ಣ ಕಪ್ಪಿಗೂ ಎಳೆದು, ಕಪ್ಪು-ಬಿಳಿ ಅದಲುಬದಲು ಮಾಡಿ, ಬಿಳಿಯಿದ್ದಲ್ಲಿ ಮಾತ್ರ ಚಿತ್ರ ಕಾಣಿಸುವ ಲೇಯರ್ ಮಾಸ್ಕ್ ಆಗಿ ಹಾಕಿದರೆ ಸೋಗೆ ತಾನಾಗಿ ಬೇರೆಯಾಗುತ್ತದೆ. ಉಳಿಯುವ ತೆಳ್ಳನೆಯ ಬಿಳಿ ಅಂಚನ್ನು ಸ್ವಲ್ಪ ಕಪ್ಪಾಗಿಸಿದರೆ ಸಾಕು. ಇನ್ನೊಂದು ಲಾಭ ನಾನು ನಿರೀಕ್ಷಿಸದೆ ಬಂತು. ಫೋಟೋವನ್ನು ಬುಡಮೇಲು ಮಾಡಿದಾಗ ಸೋಗೆಗಳ ತುದಿ ಮೇಲಕ್ಕೆ ಬಾಗಿದವು, ಅಡಿಕೆ ಕೊನೆಗಳು ಮೋಡದ ಕಡೆಗೆ ಜೋತವು. ಅಂದರೆ ಆ ತೋಟಕ್ಕೆ ಅದರದೇ ಆದ ನೆಲವಿದೆ, ಆ ನೆಲ ಮೇಲಿದೆ. ನಾನಾಗಿ ಯೋಚಿಸಿದ್ದರೆ ಇದು ಹೊಳೆಯುತ್ತಿರಲಿಲ್ಲ.

ಹೊಳೆಯುತ್ತಿರಲಿಲ್ಲ ಎನ್ನಲು ಸಾಕ್ಷಿ ಕ್ರಿಟಾದ ಚಿತ್ರ. ಅದರ ಮೊದಲ ಆವೃತ್ತಿಯಲ್ಲಿ ನಾನು ಸೋಗೆಗಳನ್ನು ಒಣಹಾಕಿದ ಸೀರೆಯಂತೆ ಕೆಳಕ್ಕೆ ಇಳಿಬಿಟ್ಟಿದ್ದೆ. ಯಾರೋ ಮರಗಳನ್ನು ಕಿತ್ತು ಹಗ್ಗಕ್ಕೆ ನೇತುಹಾಕಿದಂತೆ ಕಂಡಿತು, ಕನಸಿನ ಹಾಗೆ ಅಲ್ಲ. ಅಂಗೈಯಗಲದ ಪೆನ್ ಟ್ಯಾಬ್ಲೆಟ್‌ನಲ್ಲಿ ಸುಮಾರು 40 ಗಂಟೆ ಹಿಡಿದ ಈ ಕೆಲಸದಲ್ಲಿ ಅಜ್ಜಿಯ ಕೈಗಳಿಗೇ ಏಳು ಗಂಟೆ ಹೋಗಿದೆ: ಎಡಗೈ ಅಡಿಕೆಯನ್ನು ಅಲಗಿಗೆ ಒತ್ತುವ ರೀತಿ, ಬಲಗೈ ಸಿಪ್ಪೆಯನ್ನು ಬಿಡಿಸುವ ರೀತಿ, ಚೊಗರಿನ ಕಲೆಯಿಂದ ಕಪ್ಪಾದ ಹೆಬ್ಬೆರಳು. ಕ್ರಿಟಾದ ಕುಂಚಗಳು ಉತ್ತಮವಾಗಿವೆ, ದೃಷ್ಟಿಕೋನದ ಗೆರೆಗಳಿಗೆ ಅದರ ಸಹಾಯಕ ಸಾಧನ ಜಗಲಿಯ ಕಂಬಸಾಲನ್ನು ನೇರ ನಿಲ್ಲಿಸಿತು. ಆದರೂ ಕೈಯಾರೆ ಬರೆದ ಚಿತ್ರಕ್ಕೆ ಒಂದು ಮಿತಿ ಇದೆ ಎಂದು ನನಗೆ ತೋರಿತು: ನೋಡುವವರು ಇದು ಬರೆದದ್ದು ಎಂದು ಮೊದಲೇ ಒಪ್ಪಿಕೊಂಡಿರುತ್ತಾರೆ, ಆದ್ದರಿಂದ ಬೆಚ್ಚುವುದಿಲ್ಲ. ಮಾಗ್ರಿಟ್ ತನ್ನ ಕುಂಚದ ಗುರುತನ್ನೇ ಅಳಿಸುವಂತೆ ಬರೆಯುತ್ತಿದ್ದದ್ದು ಏಕೆಂದು ಆಗ ಅರ್ಥವಾಯಿತು. ಆ ಮಟ್ಟದ ಕೈ ನನ್ನದಲ್ಲ.

ಬ್ಲೆಂಡರ್ ಕಲಿಯಲು ಎರಡು ತಿಂಗಳು ಬೇಕಾಯಿತು. ಒಂದು ಅಡಿಕೆ ಮರವನ್ನು ಗಂಟುಗಂಟಿನ ಉಂಗುರಗಳ ಸಮೇತ ಕಟ್ಟಿ, ಅದರ ಪ್ರತಿಗಳನ್ನು ಎತ್ತರ ಮತ್ತು ಬಾಗುವಿಕೆ ಬದಲಿಸಿ ಹರಡಿದರೆ ತೋಟವಾಯಿತು. ಇದರಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಮಳೆ. ಬ್ಲೆಂಡರ್‌ನ ದೃಶ್ಯದಲ್ಲಿ ಗುರುತ್ವ ಎಂಬುದು ಒಂದು ಅಂಕಿ: ಮೇಲೆ-ಕೆಳಗಿನ ಅಕ್ಷದಲ್ಲಿ −9.81 ಎಂದು ಬರೆದಿರುತ್ತದೆ. ಅದರ ಮುಂದಿನ ಋಣ ಚಿಹ್ನೆಯನ್ನು ಅಳಿಸಿದೆ, ಮಳೆ ಮೇಲಕ್ಕೆ ಹೊರಟಿತು. ಬೇರೆ ಮೂರು ದಾರಿಗಳಲ್ಲಿ ನಾನು ಮಳೆಯನ್ನು ಮೇಲಕ್ಕೆ ಹೋಗುವಂತೆ ತೋರಿಸಿದ್ದೆ. ಇಲ್ಲಿ ಅದು ನಿಜವಾಗಿಯೂ ಹೋಯಿತು, ಅಂಗಳದ ನೀರಿನಿಂದ ಹನಿ ಕಿತ್ತು ಎದ್ದಿತು.

ಆದರೆ ಬ್ಲೆಂಡರ್‌ನ ಜಗತ್ತು ಹುಟ್ಟುವಾಗ ತೊಳೆದಿಟ್ಟಷ್ಟು ಶುಭ್ರವಾಗಿರುತ್ತದೆ, ಮಲೆನಾಡಿನಲ್ಲಿ ಹಾಗೆ ಶುಭ್ರವಾದದ್ದು ಯಾವುದೂ ಇಲ್ಲ. ಹೆಂಚಿನ ಪಾಚಿ, ಗೋಡೆಯ ಬುಡದ ತೇವ, ಕಂಬಕ್ಕೆ ಒರಗಿ ಒರಗಿ ಬಂದ ಹೊಳಪು, ಇವೆಲ್ಲವನ್ನೂ ಒಂದೊಂದಾಗಿ ಸೇರಿಸಬೇಕು. ಅಜ್ಜಿಯನ್ನಂತೂ ಕಟ್ಟಲು ನನ್ನಿಂದಾಗಲಿಲ್ಲ. ಅಂಗಡಿಯ ಗೊಂಬೆಗೆ ಸೀರೆ ಉಡಿಸಿದಂತಾಯಿತು. ಅಂತಿಮ ಚಿತ್ರ ರೆಂಡರ್ ಆಗಲು (ಲೆಕ್ಕ ಹಾಕಿ ಮೂಡಲು) ರಾತ್ರಿಯಿಡೀ ಬಿಟ್ಟರೆ ಎರಡು ಸಲ ನಡುವೆ ಕರೆಂಟು ಹೋಗಿ ಬೆಳಿಗ್ಗೆ ಎದ್ದಾಗ ಏನೂ ಉಳಿದಿರಲಿಲ್ಲ. ಮೂರನೆಯ ಸಲ ಒಂದೊಂದು ಚುಕ್ಕಿಗೆ ಬೆಳಕನ್ನು ಎಣಿಸುವ ಸ್ಯಾಂಪಲ್‌ಗಳನ್ನು 1024ರಿಂದ 200ಕ್ಕೆ ಇಳಿಸಿ, ಉಳಿದ ಕಾಳುಕಾಳನ್ನು ಅಳಿಸುವ ಕೆಲಸವನ್ನು ಡಿನಾಯ್ಸ್‌ಗೆ ಬಿಟ್ಟೆ. ವ್ಯತ್ಯಾಸ ಸೋಗೆಯ ತುದಿಗಳಲ್ಲಿ ಮಾತ್ರ ಕಂಡಿತು.

ಸ್ಟೇಬಲ್ ಡಿಫ್ಯೂಷನ್ 2022ರ ಆಗಸ್ಟ್‌ನಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾದದ್ದು. ಅದರ ಆರಂಭದ ಆವೃತ್ತಿಯೊಂದು ನನ್ನ ಲ್ಯಾಪ್‌ಟಾಪಿನಲ್ಲಿ ಹೇಗೋ ಓಡುತ್ತದೆ. ಬರೀ ಗದ್ದಲದಂತಹ ಚುಕ್ಕಿಗಳಿಂದ ಆರಂಭಿಸಿ, ಹೇಳಿದ ಪದಗಳ ಕಡೆಗೆ ಹಂತಹಂತವಾಗಿ ತಿಳಿಯಾಗಿಸುತ್ತ ಹೋಗುವುದು ಅದರ ಕ್ರಮ. ಕನ್ನಡದಲ್ಲಿ ಹೇಳಿದರೆ ಅದಕ್ಕೆ ತಿಳಿಯದು. ಪದಗಳನ್ನು ಅರ್ಥ ಮಾಡಿಕೊಳ್ಳುವ ಭಾಗ ಬಹುಪಾಲು ಇಂಗ್ಲಿಷ್ ವಿವರಣೆಗಳಿಂದ ಕಲಿತದ್ದು. ಇಂಗ್ಲಿಷಿನಲ್ಲಿ ಹೇಳಿದಾಗ ಅಡಿಕೆ ಮರಗಳು ತೆಂಗಾದವು, ಮೆಟ್ಟುಗತ್ತಿ ಒಮ್ಮೆ ಕುಡುಗೋಲಾಯಿತು, ಒಮ್ಮೆ ಖಡ್ಗವಾಯಿತು, ನಮ್ಮ ಹೆಂಚಿನ ಮನೆ ಯಾವುದೋ ದ್ವೀಪದ ದೇವಸ್ಥಾನವಾಯಿತು. ಮರಗಳು ತಲೆಕೆಳಗಾಗಲು ಒಪ್ಪಲೇ ಇಲ್ಲ. ಎಪ್ಪತ್ತಕ್ಕೂ ಹೆಚ್ಚು ಸಲ ಪ್ರಯತ್ನಿಸಿದಾಗ ಬಂದದ್ದು ಆಕಾಶದಿಂದ ಇಳಿಬಿದ್ದ ಆಲದ ಬಿಳಲುಗಳು, ಅದೂ ಬಂಗಾರದ ಸಂಜೆಬೆಳಕಿನಲ್ಲಿ. ನನ್ನ ಒರಟು ರೇಖಾಚಿತ್ರವನ್ನು ಕೊಟ್ಟು ಅದರ ಮೇಲೆ ಮಾಡಿಸಿದಾಗ ರಚನೆ ಉಳಿಯಿತು, ಆದರೆ ಆಗ ಅರ್ಧ ಕೆಲಸ ನಾನೇ ಮಾಡಿದಂತಾಯಿತು.

ಇಲ್ಲೊಂದು ಮಾತು. ಡಾಲ್-ಇ ಎಂಬ ಇದೇ ಬಗೆಯ ಇನ್ನೊಂದು ಯಂತ್ರದ ಹೆಸರಿನಲ್ಲಿ ಅತಿವಾಸ್ತವವಾದಿ ಚಿತ್ರಕಾರ ಸಾಲ್ವದೋರ್ ಡಾಲಿಯ ಹೆಸರೇ ಅಡಗಿದೆ, ಮತ್ತು ಯೋಚನೆಯ ಹಿಡಿತವಿಲ್ಲದೆ ತಾನಾಗಿ ಹೊಮ್ಮುವ ಬರವಣಿಗೆಯನ್ನು ಬ್ರೆಟನ್ ಹೊಗಳಿದ್ದನ್ನು ನೆನೆದು ಈ ಯಂತ್ರಗಳೇ ನಿಜವಾದ ಅತಿವಾಸ್ತವವಾದಿಗಳು ಎನ್ನುವವರಿದ್ದಾರೆ. ನನಗೆ ಹಾಗೆನ್ನಿಸಲಿಲ್ಲ. ಬ್ರೆಟನ್ ಹುಡುಕಿದ್ದು ಒಬ್ಬನ ಒಳಗೆ ಹುದುಗಿದ್ದನ್ನು. ಯಂತ್ರ ಕೊಡುವುದು ಕೋಟ್ಯಂತರ ಜನರ ಚಿತ್ರಗಳು ಕೂಡಿದ ಸರಾಸರಿಯನ್ನು, ಆ ಚಿತ್ರಗಳಲ್ಲಿ ಅನೇಕವು ಕೇಳದೆ ಬಳಸಿದವು ಎಂದು ಅಮೆರಿಕದ ಕಲಾವಿದರು 2023ರ ಜನವರಿಯಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಹಾಗಿದ್ದರೂ ಅದಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ಕೆಟ್ಟುಹೋದ ಒಂದು ಚಿತ್ರದಲ್ಲಿ ಜಗಲಿಯ ಕೆಳಗಿನ ಅಂಗಳ ಪೂರ್ತಿ ಕನ್ನಡಿಯಂತಾಗಿ, ಅದರ ಪ್ರತಿಬಿಂಬದಲ್ಲಿ ಮರಗಳು ನೆಟ್ಟಗೆ ನಿಂತಿದ್ದವು. ಆ ಅಂಗಳವನ್ನು ನಾನು ಕದ್ದು ಫೋಟೋ ಜೋಡಣೆಗೆ ಸೇರಿಸಿಕೊಂಡೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಜೋಡಣೆಯೇ ಗೆದ್ದಂತೆ. ಆದರೆ ಅತಿವಾಸ್ತವ ಬೇರೆ, ಈ ಲೋಕದ್ದೇ ಅಲ್ಲದ ಅದ್ಭುತ ಬೇರೆ ಎಂಬ ಗುಮಾನಿಯಿಂದ ಇನ್ನೊಂದು ಚಿತ್ರ ತೆಗೆದುಕೊಂಡೆ: ಕೆಳದಿಯ ರಾಮೇಶ್ವರ ದೇವಸ್ಥಾನದ ಚಾವಣಿಯಲ್ಲಿ ಕೆತ್ತಿರುವ ಗಂಡಭೇರುಂಡ ಅಲ್ಲಿಂದ ಎದ್ದು, ಶರಾವತಿ ಹಿನ್ನೀರಿನಲ್ಲಿ ಬೇಸಿಗೆಗೆ ಹೊರಬರುವ ಒಣಮರಗಳ ಮೇಲೆ ಹಾರುತ್ತಿರುವುದು. ಇಲ್ಲಿ ಜೋಡಣೆ ಕೈಕೊಟ್ಟಿತು. ಎರಡು ಹದ್ದುಗಳ ಫೋಟೋ ಸೇರಿಸಿದರೆ ಬರುವುದು ಎರಡು ತಲೆಯ ಹದ್ದು ಮಾತ್ರ. ಯಂತ್ರ ಯೂರೋಪಿನ ರಾಜಲಾಂಛನದ ಹಕ್ಕಿಯನ್ನು ಕೊಟ್ಟಿತು. ಬ್ಲೆಂಡರ್‌ನಲ್ಲಿ ಮಾತ್ರ ಶಿಲ್ಪದ ಕೊಕ್ಕಿನ ತಿರುವು, ಕೊರಳಿನ ಒಡವೆಗಳನ್ನು ಉಳಿಸಿಕೊಂಡು ಅದಕ್ಕೆ ಕಲ್ಲಿನ ಮೈಯನ್ನೇ ಕೊಟ್ಟು ಹಾರಿಸಲು ಸಾಧ್ಯವಾಯಿತು. ಇಲ್ಲದ ಜೀವಿಯನ್ನು ಹುಟ್ಟಿಸುವಾಗ ಬ್ಲೆಂಡರ್, ಇರುವ ಲೋಕವನ್ನು ಒಂದು ಕಡೆ ಸಡಿಲಿಸುವಾಗ ಫೋಟೋ ಎಂದು ಈಗ ನಾನು ಕೆಲಸ ಹಂಚುತ್ತೇನೆ. ಕ್ರಿಟಾ ಎರಡರ ಮೇಲೂ ಕೊನೆಯ ಕೈ ಆಡಿಸಲು.

ತೋಟದ ಜೋಡಣೆಯನ್ನು ಎ3 ಅಳತೆಯಲ್ಲಿ ಶಿವಮೊಗ್ಗದಲ್ಲಿ ಮುದ್ರಿಸಿದೆ. ಇಂಚಿಗೆ 300 ಚುಕ್ಕಿ ಎಂದರೆ 3508ಕ್ಕೆ 4961 ಪಿಕ್ಸೆಲ್ ಬೇಕು; ಕ್ಯಾಮೆರಾದ ಫೋಟೋಗಳಿಗೆ ಇದು ಸುಲಭ, ಸ್ಟೇಬಲ್ ಡಿಫ್ಯೂಷನ್ ಕೊಡುತ್ತಿದ್ದ 512 ಪಿಕ್ಸೆಲ್ಲಿನ ಚೌಕಗಳಿಗೆ ದೂರದ ಮಾತು. ಪರದೆಯ ಮೇಲೆ ನೇರಳೆಯಾಗಿದ್ದ ಮೋಡ ಕಾಗದದಲ್ಲಿ ಬೂದಿಯಾಗಿ ಬಂತು, ಅದೇ ಚೆನ್ನಾಗಿತ್ತು. ನೋಡಿದ ಸ್ನೇಹಿತರೆಲ್ಲ ಎಲ್ಲಿ ಜೋಡಿಸಿದೆ ಎಂದು ಹುಡುಕಿ ಸೋತರು. ಅಜ್ಜಿ ಕನ್ನಡಕ ಹಾಕಿಕೊಂಡು ಆಕಾಶದ ತೋಟವನ್ನು, ಮೇಲೇರುವ ಮಳೆಯನ್ನು ನೋಡಿ ಏನೂ ಹೇಳಲಿಲ್ಲ. ಆಮೇಲೆ ಬೆರಳಿಟ್ಟು, "ಅಲ್ಲ ಮಾರಾಯ್ತಿ, ಇಷ್ಟು ಮಳೇಲಿ ಯಾರಾದ್ರೂ ಹಸಿ ಅಡಕೆ ಸುಲೀತಾರನೇ? ಕೊನೆ ತೆಗಿಯೋದು ಯಾವಾಗ, ಆಷಾಢ ಯಾವಾಗ?" ಎಂದರು. ಆಷಾಢದ ಬೆಳಕಿನ ಅನುಕೂಲದಲ್ಲಿ ನಾನು ಮರೆತದ್ದು ಆಷಾಢವನ್ನೇ. ಮಳೆಯಲ್ಲಿ ಕುಳಿತು ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಹಲಸಿನ ಬೀಜದ ಸಿಪ್ಪೆ ತೆಗೆಯುವುದನ್ನು ಹಾಕು ಎಂದರು. ಬರುವ ಆಷಾಢದಲ್ಲಿ ಅದನ್ನು ತೆಗೆಯಬೇಕಾಗಿದೆ.