ನಾಲ್ಕು ವರ್ಷದ ರೆಡಿಮೇಡ್ ಡೆಸ್ಕ್‌ಟಾಪ್: ಜಾಗ ಇದೆ, ಕನೆಕ್ಟರ್ ಇಲ್ಲ

ನಾಲ್ಕು ವರ್ಷದಿಂದ ಈ ಸಣ್ಣ ಟವರ್ ನನ್ನ ಮೇಜಿನ ಮೇಲಿದೆ. ಕಂಪನಿಯೇ ಜೋಡಿಸಿ ಕೊಟ್ಟ ಡೆಸ್ಕ್‌ಟಾಪ್. ಪೋರ್ಟ್ ಎಷ್ಟು, ಪ್ರೊಸೆಸರ್ ಯಾವುದು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಇದರೊಳಗೆ ಹೊಸದೇನಾದರೂ ಕೂರುತ್ತದೆಯೇ ಎಂಬುದಷ್ಟೇ ನನ್ನ ಮಾತು.

ಮೊದಲು ಖುಷಿಯ ವಿಷಯ. ತಿಂಗಳಿಗೊಂದು ಭಾನುವಾರ ಇದರ ಧೂಳು ತೆಗೆಯುತ್ತೇನೆ. ಹಿಂದಿನ ಎರಡು ಸ್ಕ್ರೂ ಬೆರಳಲ್ಲೇ ಬಿಚ್ಚಬಹುದು. ಮುಚ್ಚಳ ಹಿಂದಕ್ಕೆ ಜಾರಿಸಿದರೆ ಒಳಗಿನದೆಲ್ಲ ಕಣ್ಣೆದುರು. ಫ್ಯಾನ್ ತಿರುಗದಂತೆ ಒಂದು ಬೆರಳು ಒತ್ತಿಟ್ಟು, ಮೆತ್ತನೆ ಬ್ರಷ್‌ನಿಂದ ರೆಕ್ಕೆಗಳನ್ನು ಒಂದೊಂದಾಗಿ ಒರೆಸುತ್ತೇನೆ. ಹತ್ತು ನಿಮಿಷದ ಕೆಲಸ, ಮನಸ್ಸಿಗೆ ಏನೋ ಸಮಾಧಾನ.

ಆ ಸಲಿಗೆಯಲ್ಲೇ ಎರಡನೇ ವರ್ಷ ರ‍್ಯಾಮ್ ಹಾಕಿದೆ. ಇದರಲ್ಲಿರುವ ಡಿಡಿಆರ್4 ಸ್ಲಾಟಿಗೆ ಅದರ ಮುಂದಿನ ತಲೆಮಾರಿನ ಡಿಡಿಆರ್5 ಕೂರುವುದಿಲ್ಲ. ಎರಡಕ್ಕೂ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ. ನಾನು ತಂದ 3200 ವೇಗದ ಡಿಡಿಆರ್4 ಸ್ಟಿಕ್ ಇಲ್ಲಿ 2666ರ ವೇಗದಲ್ಲೇ ಓಡುತ್ತದೆ, ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಬದಲಿಸುವ ದಾರಿಯಿಲ್ಲ. ಪರವಾಗಿಲ್ಲ ಅನ್ನಿಸಿತು. ಬೋರ್ಡಿನ ಮೇಲೇ ಕೂರುವ ಪಟ್ಟಿಯಂಥ ಸ್ಟೋರೇಜ್, ಎಂ.2 ಎಸ್‌ಎಸ್‌ಡಿ ಇನ್ನೂ ಸಲೀಸು. ಅದರ ಅಳತೆ 2280, ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಸ್ಕ್ರೂ ತೂತು ಸರಿಯಾಗಿ ಅಲ್ಲೇ ಇತ್ತು.

ಆಮೇಲೆ ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್. ಸುಮ್ನೆ ಅಂದಾಜಿಗೆ ತರಬಾರದು ಎಂದು ಟೇಪ್ ಹಿಡಿದು ಅಳೆದೆ. ಹಿಂದಿನ ಗೋಡೆಯಿಂದ ಹಾರ್ಡ್ ಡಿಸ್ಕಿನ ಗೂಡಿನವರೆಗೆ ಉದ್ದ, ಎರಡು ಸ್ಲಾಟಿನ ದಪ್ಪ ಸುಮಾರು 40 ಮಿ.ಮೀ. ಕಾರ್ಡಿನ ಅಳತೆಗೆ ರಟ್ಟು ಕತ್ತರಿಸಿ ಒಳಗಿಟ್ಟು ಮುಚ್ಚಳ ಹಾಕಿಯೂ ನೋಡಿದೆ. ಲಕ್ಷಣವಾಗಿ ಕೂತಿತು. ಕಾರ್ಡ್ ತಂದೆ.

ಅದಕ್ಕೆ ಪವರ್ ಸಪ್ಲೈಯಿಂದ 8 ಪಿನ್ ಕರೆಂಟಿನ ವೈರ್ ಬೇಕಿತ್ತು. ನನ್ನ 260 ವ್ಯಾಟಿನ ಪವರ್ ಸಪ್ಲೈಯಲ್ಲಿ ಅಂಥ ವೈರೇ ಇಲ್ಲ. ಸರಿ, ಪವರ್ ಸಪ್ಲೈ ಬದಲಿಸೋಣ ಅಂದುಕೊಂಡೆ. ಎಟಿಎಕ್ಸ್ ಎನ್ನುವ ಮಾಮೂಲಿ ಅಳತೆಯ ಸಪ್ಲೈ ಮದರ್‌ಬೋರ್ಡಿಗೆ 24 ಪಿನ್ ಕೊಡುತ್ತದೆ, ಇಲ್ಲಿ ಕಂಪನಿಯದೇ ಆದ 6 ಪಿನ್. ಎಟಿಎಕ್ಸ್ ಡಬ್ಬಿ 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ, ಇಲ್ಲಿನ ಗೂಡು ಅದಕ್ಕಿಂತ ಚಿಕ್ಕದು. ಹಾರ್ಡ್ ಡಿಸ್ಕಿಗೂ ಕರೆಂಟು ಬೋರ್ಡಿನಿಂದಲೇ ಹೋಗುತ್ತದೆ. ಅಲ್ಲಿಗೆ ಎಲ್ಲ ಬಾಗಿಲೂ ಮುಚ್ಚಿದವು.

ನಿಜಕ್ಕೂ ಸಿಟ್ಟು ಬಂತು. ಪೆಟ್ಟಿಗೆಯ ಮೇಲೆ 'ಅಪ್‌ಗ್ರೇಡ್ ಮಾಡಬಹುದು' ಎಂದು ಬರೆದವರು ಕನೆಕ್ಟರ್ ವಿಷಯವನ್ನೂ ಒಂದು ಸಾಲು ಬರೆಯಬಹುದಿತ್ತು, ಅಲ್ವಾ? ಅದು ಇದ್ದದ್ದು ಸರ್ವಿಸ್ ಮ್ಯಾನ್ಯುಯಲ್‌ನ ಒಳಪುಟದ ಒಂದು ಚಿತ್ರದಲ್ಲಿ. ಕೊಳ್ಳುವ ಮೊದಲು ಅದನ್ನು ಯಾರು ತೆರೆದು ನೋಡುತ್ತಾರೆ? ದಯವಿಟ್ಟು ನೀವು ನೋಡಿ.

ಹಾರ್ಡ್ ಡಿಸ್ಕಿಗೆ ಕರೆಂಟು ಕೊಡುವ ಸಾಟಾ ವೈರಿನಿಂದ ಕಾರ್ಡಿಗೆ ಕರೆಂಟು ಕೊಡುವ ಅಡಾಪ್ಟರ್ ಹಾಕು ಎಂದು ಸಲಹೆಯೂ ಬಂತು. ನಾನು ಹಾಕಲಿಲ್ಲ, ನೀವೂ ಹಾಕಬೇಡಿ. ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ 54 ವ್ಯಾಟ್ ತಾಳುತ್ತದೆ. 6 ಪಿನ್ ಕಾರ್ಡ್ 75 ಎಳೆಯಬಹುದು, 8 ಪಿನ್ ಆದರೆ 150. ವೈರ್ ಕರಗಬಹುದು.

ಆ ಕಾರ್ಡ್ ವಾಪಸ್ ಮಾಡಿ, ಕಡಿಮೆ ಕರೆಂಟಿನ ಕಾರ್ಡ್ ಆದ ಆರ್‌ಟಿಎಕ್ಸ್ 3050 ತಂದೆ, 6 ಜಿಬಿ ಮೆಮೊರಿಯದು. 70 ವ್ಯಾಟ್ ಸಾಕು ಅದಕ್ಕೆ. ಕಾರ್ಡ್ ಕೂರುವ ಸ್ಲಾಟೇ 75 ವ್ಯಾಟ್ ಕೊಡುವುದರಿಂದ ನನ್ನದಕ್ಕೆ ಬೇರೆ ವೈರ್ ಬೇಕಾಗಲಿಲ್ಲ. ಇದೇ ಹೆಸರಿನ 8 ಜಿಬಿ ಕಾರ್ಡಿಗೆ 130 ವ್ಯಾಟ್ ಬೇಕು, ಮೋಸ ಹೋಗಬೇಡಿ.

ನನಗಿರುವುದು ಫೋಟೋ ತಿದ್ದುವ ಕೆಲಸ, ರಾತ್ರಿ ಒಂದು ಗಂಟೆ ಹಳೆ ಗೇಮ್. ಅದಕ್ಕೆ ಇದು ಬೇಕಾದಷ್ಟಾಯಿತು. ಹೊಸ ಗೇಮ್‌ಗಳ ಆಸೆ ಜಾಸ್ತಿ ಇದ್ದವರು ಈ ಪೆಟ್ಟಿಗೆ ಬಿಟ್ಟು, 24 ಪಿನ್ ಬೋರ್ಡ್ ಇರುವುದನ್ನು ಹುಡುಕಿ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಆ ಪವರ್ ಸಪ್ಲೈ ಇಲ್ಲದಿದ್ದರೆ ಐದೂ ಕೊಡುತ್ತಿದ್ದೆ. ಹೊಸ ಕಾರ್ಡ್ ಬಂದ ಮೇಲೂ ರಾತ್ರಿ ಕೂತಾಗ ಗಡಿಯಾರದ ಟಿಕ್ ಟಿಕ್ ಕೇಳಿಸುತ್ತದೆ, ಇದರ ಫ್ಯಾನ್ ಕೇಳಿಸುವುದಿಲ್ಲ.