ಪಾಸ್‌ವರ್ಡ್ ಹೇಳಿದ್ದು ಒಂದೇ ಸಲ, ವಿಚಾರಣೆಗೆ ಅಲೆದಿದ್ದು ಹದಿನಾಲ್ಕು ತಿಂಗಳು

ಸಹಕಾರ ಸಂಘ, ಬ್ಯಾಂಕು, ಪಂಚಾಯಿತಿ, ಶಾಲೆಯ ಕಚೇರಿ ಹೀಗೆ ಎಲ್ಲೇ ಆಗಲಿ, ನಿಮ್ಮ ಹೆಸರಿನ ಲಾಗಿನ್‌ನಲ್ಲಿ ಕೆಲಸ ಮಾಡುವವರಾದರೆ ಇದನ್ನು ದಯವಿಟ್ಟು ಪೂರ್ತಿ ಓದಿ. ನನಗಾದದ್ದು ಇನ್ನೊಬ್ಬರಿಗೆ ಆಗಬಾರದು ಅಂತಲೇ ಬರೆಯುತ್ತಿದ್ದೇನೆ.

ಮಲೆನಾಡಿನ ಒಂದು ತಾಲೂಕು ಕೇಂದ್ರದ ಪತ್ತಿನ ಸಹಕಾರ ಸಂಘದಲ್ಲಿ ನಾನು ಲೆಕ್ಕಿಗಳು. ನಮ್ಮ ತಂತ್ರಾಂಶದಲ್ಲಿ ಒಬ್ಬರು ಎಂಟ್ರಿ ಹಾಕಿದರೆ ಇನ್ನೊಬ್ಬರು ಪಾಸ್ ಮಾಡಬೇಕು. ಎಂಟ್ರಿ ಗುಮಾಸ್ತರದ್ದು, ಪಾಸಿಂಗ್ ನನ್ನದು. ಎರಡು ಕೈ ದಾಟದೆ ದುಡ್ಡು ಹೊರಗೆ ಹೋಗಬಾರದು ಅನ್ನುವುದಕ್ಕೇ ಇದ್ದ ಏರ್ಪಾಡು ಅದು.

2022ರ ಮೇ ತಿಂಗಳಲ್ಲಿ ತಂಗಿಯ ಮದುವೆ. ಮುಹೂರ್ತದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂತು. ನಮ್ಮ ಕಿರಿಯ ಗುಮಾಸ್ತ. ಸೇರಿದಾಗಿನಿಂದ ನನ್ನನ್ನು ಅಕ್ಕ ಅಂತಲೇ ಕರೆಯುತ್ತಿದ್ದ ಹುಡುಗ. "ಅಕ್ಕಾ, ಚಿನ್ನದ ಸಾಲ ಬಿಡಿಸಿಕೊಳ್ಳೋಕೆ ಎಂಟು ಜನ ನಿಂತಿದ್ದಾರೆ. ಅವರ ಮನೇಲೂ ಮದುವೆ. ನಿಮ್ಮ ಪಾಸ್‌ವರ್ಡ್ ಒಂದು ಹೇಳಿಬಿಡಿ." ನಾನು ತಡವರಿಸಿದೆ. ಕಚೇರಿಯಲ್ಲಿ ಅವನ ಪಕ್ಕದಲ್ಲೇ ಇದ್ದ ಕಾರ್ಯದರ್ಶಿಗಳು ಫೋನ್ ತೆಗೆದುಕೊಂಡು, "ಹೇಳಿ ಮೇಡಂ, ನಾನಿದ್ದೀನಲ್ಲ" ಅಂದರು. ಓಲಗದ ಸದ್ದಿನಲ್ಲಿ ಎರಡೆರಡು ಸಲ ಕೂಗಿ ಹೇಳಿದೆ: ಮಗಳ ಹೆಸರು, ಆಮೇಲೆ ಅಟ್ ಚಿಹ್ನೆ, ಆಮೇಲೆ ಸೊನ್ನೆ ಐದು.

ಆ ಸೊನ್ನೆ ಐದನ್ನು ನೆನಪಿಟ್ಟುಕೊಳ್ಳಿ.

ತಂತ್ರಾಂಶ ಪ್ರತಿ ತಿಂಗಳೂ ಪಾಸ್‌ವರ್ಡ್ ಬದಲಾಯಿಸು ಅನ್ನುತ್ತಿತ್ತು. ನಾನು ತಿಂಗಳಿಗೊಂದು ಸಂಖ್ಯೆ ಏರಿಸುತ್ತಿದ್ದೆ. ಮೇ ಅಂದರೆ ಸೊನ್ನೆ ಐದು, ಜೂನ್ ಅಂದರೆ ಸೊನ್ನೆ ಆರು. ರಜೆ ಮುಗಿಸಿ ಬಂದಮೇಲೆ, ಹೇಗೂ ಜೂನ್ ಒಂದಕ್ಕೆ ಬದಲಾಯಿತಲ್ಲ ಎಂದು ಆ ವಿಷಯವನ್ನೇ ಮರೆತೆ. ನಿಜಕ್ಕೂ ಬದಲಾಗಿದ್ದು ಕೊನೆಯ ಅಂಕಿ ಮಾತ್ರ. ಒಂದು ತಿಂಗಳ ಪಾಸ್‌ವರ್ಡ್ ಗೊತ್ತಿದ್ದವನಿಗೆ ವರ್ಷವಿಡೀ ನನ್ನ ಪಾಸ್‌ವರ್ಡ್ ಗೊತ್ತಿದ್ದ ಹಾಗೆಯೇ.

2023ರ ಮಾರ್ಚ್‌ನಲ್ಲಿ ಒಬ್ಬ ಅಜ್ಜಿ ಠೇವಣಿ ಬಾಂಡು ಹಿಡಿದು ಬಂದರು. ಸೆರಗಿನ ಗಂಟಿನಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ನಾಲ್ಕು ಮಡಿಕೆಯ ಬಾಂಡು. ಎರಡು ಲಕ್ಷ, ಅಡಿಕೆ ಮಾರಿ ಇಟ್ಟಿದ್ದು. ಖಾತೆ ತೆರೆದು ನೋಡಿದರೆ ಆ ಠೇವಣಿಯ ಮೇಲೆ 1,70,000 ರೂಪಾಯಿ ಸಾಲ ಕಾಣಿಸಿತು. "ಇದ್ಯಾವ ಸಾಲ ಮಾರಾಯ್ತಿ? ನಾನು ಈ ಬಾಂಡು ಮನೆಯಿಂದ ಹೊರಗೇ ತಂದವಳಲ್ಲ" ಅಂದರು ಅಜ್ಜಿ. ಪರದೆಯ ಕೆಳಗಡೆ ಪಾಸ್ ಮಾಡಿದವರ ಹೆಸರು ಇತ್ತು. ನನ್ನದು.

ಹುಡುಕಿದರೆ ಅಂಥವು ಮೂರು ಸಿಕ್ಕವು: ಸೆಪ್ಟೆಂಬರ್, ನವೆಂಬರ್, ಜನವರಿ. ಮೂವರೂ ವಯಸ್ಸಾದವರು, ಒಟ್ಟು 4,35,000 ರೂಪಾಯಿ. ಮೂರರಲ್ಲೂ ಸಾಲದ ಹಿಂದಿನ ದಿನ ಸದಸ್ಯರ ಮೊಬೈಲ್ ನಂಬರ್ ಬದಲಾಗಿತ್ತು. ಹಾಗಾಗಿ ಮೆಸೇಜು ಅವರಿಗೆ ಹೋಗಲೇ ಇಲ್ಲ. ಆ ಬದಲಾವಣೆಯನ್ನೂ "ನಾನೇ" ಪಾಸ್ ಮಾಡಿದ್ದೆ. ನಗದು ಹೇಗೆ ಹೋಯಿತು ಅಂತ ಕ್ಯಾಷಿಯರ್ ಹೇಳಿದ್ದನ್ನು ಕೇಳಿ. "ಅಜ್ಜಿ ಆಟೋದಲ್ಲಿ ಕೂತಿದ್ದಾರೆ, ಮೆಟ್ಟಿಲು ಹತ್ತೋಕಾಗಲ್ಲ, ನಾನೇ ಹೆಬ್ಬೆಟ್ಟು ಒತ್ತಿಸಿಕೊಂಡು ಬರ್ತೀನಿ ಅಂದ ಆ ಹುಡುಗ. ವೋಚರ್‌ನಲ್ಲಿ ಮೇಡಂ ಸಹಿ ಇರಲಿಲ್ಲ, ಆದರೆ ಸಿಸ್ಟಮ್‌ನಲ್ಲಿ ಪಾಸ್ ಆಗಿತ್ತಲ್ಲ." ಕಂಪ್ಯೂಟರ್ ಪಾಸ್ ಅಂದಮೇಲೆ ಕಾಗದದ ಸಹಿಯನ್ನು ನೋಡುವವರೇ ಇಲ್ಲ. ಬಹಳ ಕಚೇರಿಗಳಲ್ಲಿ ಇವತ್ತಿಗೂ ಹೀಗೇ ನಡೆಯುತ್ತಿದೆ.

ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನಡಿ ವಿಚಾರಣೆ ಶುರುವಾಯಿತು. ನಾನು ಮಾಡಿಲ್ಲ ಅಂದರೆ ಸಾಲದು, ಮಾಡಿಲ್ಲ ಅಂತ ತೋರಿಸಬೇಕು. ತಂತ್ರಾಂಶ ತಾನೇ ಬರೆದಿಟ್ಟುಕೊಳ್ಳುವ ಲಾಗ್‌ನಲ್ಲಿ ಇದ್ದದ್ದು ಬಳಕೆದಾರರ ಹೆಸರು ಮತ್ತು ಸಮಯ ಅಷ್ಟೆ. ಯಾವ ಕಂಪ್ಯೂಟರಿನಿಂದ ಅನ್ನುವುದು ದಾಖಲಾಗುತ್ತಲೇ ಇರಲಿಲ್ಲ. ನವೆಂಬರಿನ ದಿನ ಅಮ್ಮನ ಕಣ್ಣಿನ ಆಪರೇಷನ್‌ಗೆಂದು ನಾನು ಉಡುಪಿಯಲ್ಲಿದ್ದೆ. ಡಿಸ್ಚಾರ್ಜ್ ಚೀಟಿ, ಬಸ್ ಟಿಕೆಟ್ ಎರಡೂ ಮನೆಯಲ್ಲಿ ಸಿಕ್ಕವು. ಆ ಒಂದು ಎಂಟ್ರಿಯೇ ನನ್ನನ್ನು ಜೈಲಿನಿಂದ ಉಳಿಸಿತು ಅಂತ ನಂಬಿದ್ದೇನೆ. ಉಳಿದ ಎರಡು ದಿನ ನಾನು ಕಚೇರಿಯಲ್ಲೇ ಇದ್ದೆ. ಊಟಕ್ಕೆ ಎದ್ದು ಹೋಗಿದ್ದೆ ಅಂದರೆ ಯಾವ ದಾಖಲೆ ತೋರಿಸಲಿ?

ಆ ಹುಡುಗ ಕೊನೆಗೆ ಒಪ್ಪಿಕೊಂಡ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಅದು ಅವನ ಪಾಡು. ಆದರೆ ಪಾಸ್‌ವರ್ಡ್ ಕೊಟ್ಟದ್ದಕ್ಕೆ ನನ್ನ ಮೇಲೆ ಕರ್ತವ್ಯಲೋಪ ಸಾಬೀತಾಯಿತು. ಏಳು ತಿಂಗಳು ಸಂಬಳ ತಡೆದರು. ನನ್ನ ಪಾಲು ಅಂತ 65,000 ರೂಪಾಯಿ ಕಟ್ಟಿದೆ, ಎರಡು ಬಳೆ ಮಾರಿ. "ನಾನಿದ್ದೀನಲ್ಲ" ಅಂದ ಕಾರ್ಯದರ್ಶಿಗಳು ವಿಚಾರಣೆಯಲ್ಲಿ, ಆ ಫೋನಿನ ಮಾತು ನೆನಪಿಲ್ಲ ಅಂದರು. ಬಾಯಿಮಾತಿನ ಅನುಮತಿಗೆ ಸಾಕ್ಷಿ ಎಲ್ಲಿಂದ ತರಲಿ.

ಆ ದಿನಗಳಲ್ಲಿ ನಿದ್ದೆ ಬಾರದೆ ಈ ವಿಷಯದ ಅಧ್ಯಯನಗಳನ್ನು ಹುಡುಕಿ ಹುಡುಕಿ ಓದಿದೆ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು ಮುಚ್ಚಿಹೋದ 7,700ಕ್ಕೂ ಹೆಚ್ಚು ಖಾತೆಗಳ ಹಳೆಯ ಪಾಸ್‌ವರ್ಡ್‌ಗಳನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಹಿಂದಿನ ಪಾಸ್‌ವರ್ಡ್ ಗೊತ್ತಿದ್ದರೆ, ಸುಮಾರು ನೂರಕ್ಕೆ 17 ಖಾತೆಗಳಲ್ಲಿ ಐದು ಪ್ರಯತ್ನದೊಳಗೆ ಮುಂದಿನದನ್ನು ಊಹಿಸಬಹುದಂತೆ. ಓದುತ್ತಾ ನನ್ನ ಸೊನ್ನೆ ಐದು, ಸೊನ್ನೆ ಆರು ಕಣ್ಣಮುಂದೆ ಬಂದವು. ನನ್ನದಕ್ಕೆ ಐದು ಪ್ರಯತ್ನವೂ ಬೇಕಿರಲಿಲ್ಲ, ಕ್ಯಾಲೆಂಡರ್ ಸಾಕಿತ್ತು. ಅಮೆರಿಕ ಸರ್ಕಾರದ ಮಾನಕ ಸಂಸ್ಥೆ ನಿಸ್ಟ್ ಕೂಡ 2017ರಲ್ಲಿ ತನ್ನ ಮಾರ್ಗಸೂಚಿ ತಿದ್ದಿ, ಗಡುವು ಹಾಕಿ ಪಾಸ್‌ವರ್ಡ್ ಬದಲಾಯಿಸಲು ಒತ್ತಾಯಿಸಬೇಡಿ, ಸೋರಿದ್ದು ಗೊತ್ತಾದಾಗ ಖಂಡಿತ ಬದಲಾಯಿಸಿ ಎಂದಿದೆ. ನಾವು ಮಾಡಿದ್ದು ತದ್ವಿರುದ್ಧ. ಗಡುವು ಪಾಲಿಸಿದೆವು, ಸೋರಿದ ದಿನ ಸುಮ್ಮನಿದ್ದೆವು.

ಲಂಡನ್ನಿನ ಸಂಶೋಧಕರಾದ ಆ್ಯನ್ ಆಡಮ್ಸ್ ಮತ್ತು ಏಂಜೆಲಾ ಸಾಸ್ 1999ರಲ್ಲೇ ಬರೆದದ್ದು ನನ್ನ ಮನಸ್ಸಿಗೆ ಹತ್ತಿರವಾಯಿತು. ಸಿಬ್ಬಂದಿ ಪಾಸ್‌ವರ್ಡ್ ನಿಯಮ ಮುರಿಯುವುದು ಬೇಜವಾಬ್ದಾರಿಯಿಂದ ಮಾತ್ರವಲ್ಲ, ನಿಯಮ ಅವರು ಮಾಡುವ ಕೆಲಸದ ರೀತಿಗೆ ಹೊಂದದೇ ಇದ್ದಾಗ ಎನ್ನುತ್ತಾರೆ ಅವರು. ನಮ್ಮಲ್ಲೂ ಅದೇ. ಪಾಸಿಂಗ್ ಅಧಿಕಾರ ಒಬ್ಬಳಿಗೇ ಕೊಟ್ಟು, ಅವಳ ರಜೆಗೆ ಬದಲಿ ಯಾರು ಎಂದು ಆಡಳಿತ ಮಂಡಳಿ ಯೋಚಿಸಿಯೇ ಇರಲಿಲ್ಲ. ಎಂಟು ಜನ ಬಿಸಿಲಲ್ಲಿ ನಿಂತಿದ್ದು ಸುಳ್ಳಲ್ಲ. ನನ್ನ ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ರಜೆ ಹಾಕಿದರೆ ಪಾಸ್‌ವರ್ಡ್ ಹೇಳಲೇಬೇಕು ಅನ್ನುವಂತೆ ಕೆಲಸ ಹಂಚಿದವರದ್ದೂ ತಪ್ಪೇ.

ನಮ್ಮ ರಾಜ್ಯದಲ್ಲೇ ಭೂಮಿ ಯೋಜನೆ ತಂದಾಗ ಪಹಣಿ ತಿದ್ದುವ ಸಿಬ್ಬಂದಿಗೆ ಬೆರಳಚ್ಚಿನ ಲಾಗಿನ್ ಇಟ್ಟಿದ್ದರು, ಆಮೇಲೆ "ನಾನು ಮಾಡಿದ್ದಲ್ಲ" ಅನ್ನದ ಹಾಗೆ. ಫೋನಿನಲ್ಲಿ ಬೆರಳು ಕಳಿಸಲಾಗದು. ನಮ್ಮ ಸಂಘಕ್ಕೂ ಈಗ ಬೆರಳಚ್ಚಿನ ಯಂತ್ರ ಬಂದಿದೆ, ಇಷ್ಟೆಲ್ಲ ಆದಮೇಲೆ.

ನಿಮ್ಮಲ್ಲಿ ಇನ್ನೂ ಪಾಸ್‌ವರ್ಡೇ ಇದ್ದರೆ, ರಜೆ ಅರ್ಜಿ ಕೊಡುವ ದಿನವೇ "ನನ್ನ ಬದಲಿಗೆ ಇಂಥವರಿಗೆ ಅವರದೇ ಹೆಸರಿನಲ್ಲಿ ಅಧಿಕಾರ ಕೊಡಿ, ನನ್ನ ಲಾಗಿನ್ ಅಲ್ಲಿಯವರೆಗೆ ನಿಲ್ಲಿಸಿ" ಎಂದು ಬರೆದು ಕೊಡಿ. ಅರ್ಜಿಯ ನಕಲಿನ ಮೇಲೆ ದಿನಾಂಕ ಸಮೇತ ಸ್ವೀಕೃತಿ ಹಾಕಿಸಿಕೊಳ್ಳಿ. ಕೇಳುವವರು "ನಂಬಿಕೆ ಇಲ್ವಾ ಅಕ್ಕಾ?" ಅನ್ನುತ್ತಾರೆ. ನನ್ನನ್ನೂ ಹಾಗೇ ಕೇಳಿದ್ದ. ನಂಬಿಕೆ ಇದ್ದುದರಿಂದಲೇ ಕೊಟ್ಟೆ. ಈಗಾಗಲೇ ಹೇಳಿಬಿಟ್ಟಿದ್ದರೆ ಇವತ್ತೇ ಬದಲಾಯಿಸಿ, ಹಳೆಯದರ ಬಾಲ ಹಿಡಿದಲ್ಲ, ಅದರ ಗಂಧಗಾಳಿಯೂ ಇಲ್ಲದ ನಾಲ್ಕೈದು ಪದ ಸೇರಿಸಿ. ಪಾಸಿಂಗ್ ಅಧಿಕಾರ ಇರುವವರು ದಿನದ ಕೊನೆಗೆ ನಿಮ್ಮ ಹೆಸರಿನಲ್ಲಿ ಏನೇನು ಪಾಸಾಗಿದೆ ಎಂದು ಪಟ್ಟಿ ತೆಗೆದು ವೋಚರ್ ಕಟ್ಟಿನ ಜೊತೆ ತಾಳೆ ನೋಡಿ. ಹತ್ತು ನಿಮಿಷದ ಕೆಲಸ. ಮೊಬೈಲ್ ನಂಬರ್ ಬದಲಾವಣೆ ಕಂಡರೆ ಸದಸ್ಯರ ಹಳೆಯ ನಂಬರಿಗೆ ಒಂದು ಫೋನ್ ಮಾಡಿ.

ಅಜ್ಜಿಗೆ ಸಂಘ ಬಡ್ಡಿ ಸಮೇತ ದುಡ್ಡು ಕೊಟ್ಟಿತು. ಅವರು ಅದನ್ನು ಅಂಚೆ ಕಚೇರಿಯಲ್ಲಿ ಇಟ್ಟಿದ್ದಾರೆ. ಸಂತೆಯಲ್ಲಿ ಸಿಕ್ಕಾಗ ನನ್ನನ್ನು ಈಗಲೂ ಮಾತಾಡಿಸುತ್ತಾರೆ. ಕಳೆದ ಸಲ, ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ಬಿಚ್ಚಿ, "ಇದರಲ್ಲಿ ಸಾಲ ಗೀಲ ಇಲ್ಲ ತಾನೇ, ಒಂಚೂರು ನೋಡಿ ಹೇಳು" ಅಂದರು. ಒಂದೊಂದು ಪುಟವನ್ನೂ ತಿರುವಿ ನೋಡಿ ಕೊಟ್ಟೆ.